ಕಾರ್ತಿಕ ಲೈಬ್ರರಿ ಹಾಕಿದ್ದು

ನಾಲ್ಕು ಶನಿವಾರಗಳಿಂದ ಕಾರ್ತಿಕ ಪುಣೆಯಿಂದ ದೌಂಡಕ್ಕೆ ರೈಲು ಹತ್ತುತ್ತಿದ್ದ. ಟಿಕೆಟ್ ನೋಡುವವರು ಅವನನ್ನು ಕಂಡರೆ ಟಿಕೆಟ್ ಕೇಳುವುದನ್ನು ಬಿಟ್ಟು ಊಟ ಆಯಿತೇ ಎಂದು ಕೇಳುವಷ್ಟು ಸಲುಗೆ ಬೆಳೆದಿತ್ತು. ಇದಕ್ಕೆಲ್ಲ ಕಾರಣ ದೌಂಡದ ಆಚೆ ಕಬ್ಬಿನ ಗದ್ದೆಗಳ ನಡುವೆ ಇದ್ದ ಒಂದು ಬೆಲ್ಲದ ಕಾರ್ಖಾನೆ. ಅದರ ಗೇಟಿನಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾ ಇತ್ತು, ಆ ಕಾಟಾಕ್ಕೆ ಒಂದು ಕಂಪ್ಯೂಟರು. ವಾರವಿಡೀ ತೂಕ ಬರೆದು ಬರೆದು ಹೊಟ್ಟೆ ಉಬ್ಬರಿಸಿಕೊಂಡು ಅದು ಶನಿವಾರ ಬೆಳಿಗ್ಗೆ ಸರಿಯಾಗಿ ನಿಂತುಬಿಡುತ್ತಿತ್ತು. ಕಾರ್ತಿಕ ಹೋಗಿ ಹಳೆಯ ಫೈಲುಗಳನ್ನು ಅಳಿಸಿ ಅದನ್ನು ಎಬ್ಬಿಸಬೇಕು. ಹತ್ತು ನಿಮಿಷದ ಕೆಲಸ. ಹೋಗಿಬರುವುದಕ್ಕೆ ಮಾತ್ರ ಇಡೀ ದಿನ.

ಐದನೆಯ ಶನಿವಾರ ಹೋಗುವಂತಿರಲಿಲ್ಲ. ಅವನು ಮದುವೆಯಾಗಬೇಕೆಂದಿದ್ದ ಇಂಪನಾ ಹಿಂದಿನ ದಿನವೇ ಸ್ಪಷ್ಟವಾಗಿ ಹೇಳಿದ್ದಳು. "ಅಪ್ಪ ಅಮ್ಮ ಮೈಸೂರಿಂದ ಬಂದು ಆರು ದಿನ ಆಯ್ತು. ನಾಳೆ ಐದು ಗಂಟೆಗೆ ನಿನ್ನ ನೋಡೋಕೆ ನಿನ್ನ ಆಫೀಸಿಗೇ ಕರ್ಕೊಂಡು ಬರ್ತೀನಿ. ಭಾನುವಾರ ಅವರಿಗೆ ವಾಪಸ್ ರೈಲಿದೆ. ನಾಳೆ ನೀನು ದೌಂಡದಲ್ಲಿದ್ರೆ ಅಲ್ಲೇ ಇದ್ದುಬಿಡು ಕಾರ್ತಿಕ. ಆ ಕಂಪ್ಯೂಟರ್ ಜೊತೆಗೇ ಸಂಸಾರ ಮಾಡು."

ಕಾರ್ತಿಕನ ಆಫೀಸು ಖರಾಡಿಯಲ್ಲಿ, ಕಾಂತಪ್ಪನವರ ಹೋಟೆಲಿನ ಮಹಡಿಯ ಮೇಲಿತ್ತು. ಸುತ್ತ ಮುಗಿಲು ಮುಟ್ಟುವ ಗಾಜಿನ ಕಟ್ಟಡಗಳಿದ್ದುದರಿಂದ ಅವನು ಊರಿಗೆ ಫೋನು ಮಾಡಿದಾಗ ಖರಾಡಿಯ ಐಟಿ ಕಂಪನಿ ಎಂದಷ್ಟೇ ಹೇಳುತ್ತಿದ್ದ. ಕಂಪನಿಯೆಂದರೆ ಮೂರು ಮೇಜು, ಕೆಳಗಿನ ಹೋಟೆಲಿಗೂ ಹಂಚಿಕೆಯಾದ ಒಂದು ವೈಫೈ ಡಬ್ಬಿ ಮತ್ತು ಒಡತಿ ಭವ್ಯಶ್ರೀ. ಕಾಂತಪ್ಪ ಅವಳ ಸೋದರಮಾವ. ಕಾರ್ಕಳದ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಪುಣೆಯವರಿಗೆ ನೀರುದೋಸೆ ತಿನ್ನಿಸುತ್ತಿದ್ದ ಪರೋಪಕಾರಿ. ಅವರ ಪರೋಪಕಾರದಿಂದ ತಪ್ಪಿಸಿಕೊಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಕಾರ್ತಿಕ ಭವ್ಯಶ್ರೀಯ ಮೇಜಿನ ಮುಂದೆ ನಿಂತು ತನ್ನ ಉಪಾಯವನ್ನು ಬಿಚ್ಚಿಟ್ಟ. "ಮೇಡಂ, ದೂರದ ಕಂಪ್ಯೂಟರಿಗೆ ಸೆಕ್ಯೂರ್ ಆಗಿ ಕನೆಕ್ಟ್ ಆಗೋಕೆ ಒಂದು ಲೈಬ್ರರಿ ಇದೆ. ನಮ್ಮ ಪ್ರೋಗ್ರಾಮಿಗೆ ಅದನ್ನ ಸೇರಿಸಿದ್ರೆ ಇಲ್ಲೇ ಕೂತು ದೌಂಡದ್ದನ್ನ ಎಬ್ಬಿಸಬಹುದು. ಆ ಕಡೆ ಬೇಕಾದ್ದನ್ನೆಲ್ಲ ಹೋದ ವಾರ ಹಾಕಿ ಬಂದಿದೀನಿ."

"ಎಷ್ಟು ಹೊತ್ತು ಬೇಕು?"

"ಹೊತ್ತೆಲ್ಲಿ ಬಂತು ಮೇಡಂ, ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ್ರೆ ಮುಗೀತು."

ಈ ಒಂದು ಸಾಲು ಎಂಬ ಮಾತನ್ನು ಆಡಬಾರದಿತ್ತು. ಆಡಿಯಾಗಿತ್ತು. ಭವ್ಯಶ್ರೀ ಒಪ್ಪಿದಳು. ಆದರೆ ಸಂಜೆ ಐದರೊಳಗೆ ಆಗದಿದ್ದರೆ ಮುಂದಿನ ರೈಲಿಗೆ ಹೊರಡಬೇಕು ಎಂದಳು. ಕಾರ್ತಿಕ ಉತ್ಸಾಹದಿಂದ ಕಾರ್ಖಾನೆಯ ಗುಮಾಸ್ತ ಅವ್ವಣ್ಣನಿಗೆ ಫೋನು ಮಾಡಿ, ಇವತ್ತು ತಾನು ಬರುವುದಿಲ್ಲ, ಇನ್ನು ಮೇಲೆ ಕಂಪ್ಯೂಟರಿನ ರಿಪೇರಿಯೆಲ್ಲ ಪುಣೆಯಲ್ಲೇ ಎಂದು ತಿಳಿಸಿದ. ಅವ್ವಣ್ಣ ಸೊಲ್ಲಾಪುರದ ಕಡೆಯವನು, ಬೆನ್ನು ಬಗ್ಗಿಸಿ ದುಡಿಯುವ ಆಳು. ಆದರೆ ಕೀಬೋರ್ಡು ಕಂಡರೆ ಎಮ್ಮೆ ಹಾಯುತ್ತದೇನೋ ಎಂಬಂತೆ ಹಿಂದೆ ಸರಿಯುತ್ತಿದ್ದ. "ಭಾಳ ಛಲೋ ಆತ್ರಿ ಸಾಹೇಬ್ರ," ಎಂದು ಅವನು ಫೋನಿಟ್ಟ.

ಕಾರ್ತಿಕ ಆ ಒಂದು ಸಾಲನ್ನು ಟೈಪು ಮಾಡಿ ಎಂಟರ್ ಒತ್ತಿ ಕೈ ಕಟ್ಟಿ ಕೂತ.

ಲೈಬ್ರರಿ ಎಂದರೆ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಪ್ರೋಗ್ರಾಮಿನ ಗಂಟು. ಬೇಕಾದವರು ಇಳಿಸಿಕೊಂಡು ತಮ್ಮ ಕೆಲಸಕ್ಕೆ ಬಳಸಬಹುದು. ಆದರೆ ಪುಣ್ಯಾತ್ಮರೂ ಇನ್ನೊಬ್ಬ ಪುಣ್ಯಾತ್ಮರನ್ನು ನಂಬಿಕೊಂಡೇ ಬರೆದಿರುತ್ತಾರೆ. ಈ ಲೈಬ್ರರಿ ತಾನು ಬರಬೇಕಾದರೆ ಗುಟ್ಟಿನ ಬೀಗ ಹಾಕುವ ಇನ್ನೊಂದು ಲೈಬ್ರರಿ ಬೇಕೆಂದಿತು. ಬೀಗದ ಲೈಬ್ರರಿ ತನಗೆ ಗಂಟುಕಟ್ಟಿ ಕುಗ್ಗಿಸುವ ಮೂರನೆಯದು ಬೇಕೆಂದಿತು. ಮೂರನೆಯದು ತನ್ನನ್ನು ಕಟ್ಟಲು ಹೊಸ ಸಲಕರಣೆ ಬೇಕು, ಈಗಿರುವುದು ಐದು ವರ್ಷ ಹಳೆಯದು ಎಂದು ಮೂಗು ಮುರಿಯಿತು. ಸೀರೆ ಕೊಳ್ಳಲು ಹೋದವರಿಗೆ ರವಿಕೆ, ರವಿಕೆಗೆ ಲೈನಿಂಗು, ಲೈನಿಂಗಿಗೆ ಟೈಲರು, ಟೈಲರಿಗೆ ಅಳತೆಯ ಹಳೆ ರವಿಕೆ, ಅದನ್ನು ಹುಡುಕಲು ಅಟ್ಟದ ಮೇಲಿನ ಟ್ರಂಕು, ಟ್ರಂಕಿಗೆ ಬೀಗದ ಕೈ ಎಂದು ಆಗುವುದಿಲ್ಲವೇ, ಹಾಗೆ. ಹತ್ತೂವರೆಯ ಹೊತ್ತಿಗೆ ಕಾರ್ತಿಕ ಟ್ರಂಕಿನ ತನಕ ಬಂದಿದ್ದ.

"ಒಂದು ಸಾಲು ಎಲ್ಲಿಗೆ ಬಂತು?" ಭವ್ಯಶ್ರೀ ಕೇಳಿದಳು.

"ಸ್ವಲ್ಪ ಉದ್ದದ ಸಾಲು ಮೇಡಂ," ಎಂದ.

ಆ ಹೊಸ ಸಲಕರಣೆ ದೊಡ್ಡದಿತ್ತು. ಅದು ಇಳಿಯುತ್ತಿದ್ದ ವೇಗವನ್ನು ನೋಡಿದರೆ, ಮಾರ್ಕೆಟ್ ಯಾರ್ಡಿನಿಂದ ಯಾರೋ ಅದನ್ನು ಈರುಳ್ಳಿ ಚೀಲದ ಹಾಗೆ ಬೆನ್ನ ಮೇಲೆ ಹೊತ್ತು ನಡೆದೇ ಬರುತ್ತಿದ್ದಾರೇನೋ ಎನಿಸುತ್ತಿತ್ತು. ಹನ್ನೊಂದೂ ಮುಕ್ಕಾಲಿಗೆ ನೂರಕ್ಕೆ ತೊಂಬತ್ತೆರಡು ಭಾಗ ಇಳಿಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡಬಡ ಸದ್ದಾಗಿ, ಮೊದಲು ಒಂದು ಮರದ ಬೀರುವೂ ಅದರ ಎರಡು ಬದಿಗೆ ಅಡುಗೆಮನೆಯ ಇಬ್ಬರು ಆಳುಗಳೂ ಕೊನೆಗೆ ಕಾಂತಪ್ಪನವರೂ ಒಳಗೆ ಬಂದರು.

"ಎಂತ ಮಾರಾಯ, ಇಷ್ಟು ಒಳ್ಳೆಯ ಕೆಲಸ ಮಾಡುವಾಗ ನನಗೊಂದು ಮಾತು ಹೇಳುದಲ್ವಾ?" ಕಾಂತಪ್ಪ ಬೆವರು ಒರೆಸಿಕೊಂಡು ಕೇಳಿದರು.

"ಯಾವ ಕೆಲಸ ಸಾರ್?"

"ಮೇಲೆ ಲೈಬ್ರರಿ ಹಾಕ್ತಾ ಇದ್ದಿ ಅಂತ ಭವ್ಯ ಫೋನಲ್ಲಿ ಅವಳಮ್ಮನತ್ರ ಹೇಳ್ತಾ ಇದ್ಲು. ಖರಾಡಿಯಲ್ಲಿ ಇಷ್ಟು ಕನ್ನಡದವರುಂಟು, ಕೂತು ಓದ್ಲಿಕ್ಕೆ ಒಂದು ಜಾಗ ಇಲ್ಲ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಾ ಇದ್ದೆ. ನಮ್ಮ ಅಪ್ಪನ ಬೀರು ಇದು, ಹಲಸಿನ ಮರದ್ದು. ಪುಸ್ತಕ ಇಡ್ಲಿಕ್ಕೆ ಇರ್ಲಿ. ಹಳೆಯ ವಾರಪತ್ರಿಕೆಗಳನ್ನೂ ತಂದಿದ್ದೇನೆ, ಆರಂಭಕ್ಕೆ ಅಷ್ಟು ಸಾಕು."

"ಸಾರ್, ಇದು ಆ ಲೈಬ್ರರಿ ಅಲ್ಲ—"

"ಗೊತ್ತುಂಟು, ಮೊದಲು ಸಣ್ಣದಾಗೇ ಶುರುವಾಗುದು," ಎಂದ ಕಾಂತಪ್ಪ ಆಳುಗಳಿಗೆ ಬೀರುವನ್ನು ಗೋಡೆಗೆ ಒತ್ತಿ ಇಡಲು ಹೇಳಿದರು. ಗೋಡೆಯಲ್ಲಿ ಒಂದು ವೈರು ಅಡ್ಡ ಬಂತು. ಆಳುಗಳಲ್ಲಿ ಒಬ್ಬ, ಶಿಸ್ತಿನ ಮನುಷ್ಯ, ಅದನ್ನು ಕಿತ್ತು ಅಂದವಾಗಿ ಸುತ್ತಿ ಕಾರ್ತಿಕನ ಕೈಗೆ ಕೊಟ್ಟ. ವೈಫೈ ಡಬ್ಬಿಯ ಹಸಿರು ದೀಪ ಆರಿತು. ತೊಂಬತ್ತೆರಡು ಇದ್ದದ್ದು ಸೊನ್ನೆಯಾಯಿತು.

ಹಲಸಿನ ಮರದ ಬೀರುವನ್ನು ಮತ್ತೆ ಸರಿಸಲು ನಾಲ್ಕು ಜನ ಬೇಕಾಯಿತು. ನಾಲ್ಕನೆಯವನು ಕಾರ್ತಿಕ.

ಮತ್ತೆ ಶುರು ಮಾಡುವಾಗ ಹನ್ನೆರಡೂವರೆ. ಕೆಳಗೆ ಊಟದ ಹೊತ್ತು. ಹೋಟೆಲು ತುಂಬ ಸಾಫ್ಟ್‌ವೇರಿನವರು. ಪ್ರತಿಯೊಬ್ಬರೂ ಬಲಗೈಯಲ್ಲಿ ಅನ್ನ ಕಲಸುತ್ತ ಎಡಗೈಯಲ್ಲಿ ಹೋಟೆಲಿನ ವೈಫೈಯಲ್ಲಿ ಕ್ರಿಕೆಟ್ಟು ನೋಡುತ್ತಿದ್ದರು. ಇಳಿಯುವ ವೇಗ ಬಿದ್ದುಹೋಯಿತು. ಕಾರ್ತಿಕ ಕೆಳಗೆ ಓಡಿ, ಒಂದು ಗಂಟೆಯ ಮಟ್ಟಿಗೆ ಗಿರಾಕಿಗಳ ವೈಫೈ ನಿಲ್ಲಿಸಿ ಎಂದು ಕಾಂತಪ್ಪನವರನ್ನು ಬೇಡಿಕೊಂಡ. ಲೈಬ್ರರಿಗಾಗಿ ಎಂದ ಕೂಡಲೇ ಅವರು ಕರಗಿದರು. ಕಾರ್ತಿಕನೇ ಪಾಸ್‌ವರ್ಡು ಬದಲಿಸಿದ.

ಬದಲಿಸಿದ ಮೇಲೆ ತಿಳಿಯಿತು, ಮೇಜಿನ ಬಳಿ ಆರ್ಡರು ತೆಗೆದುಕೊಳ್ಳುವ ಹುಡುಗಿಯರ ಟ್ಯಾಬು, ಅಡುಗೆಮನೆಯ ಪರದೆ ಎಲ್ಲವೂ ಅದೇ ವೈಫೈಯಲ್ಲಿ ನಡೆಯುತ್ತಿದ್ದವು. ಅಡುಗೆಮನೆ ಮೂಕವಾಯಿತು. ದೋಸೆಕಲ್ಲಿನ ಭಟ್ಟರು ಸೌಟು ಹಿಡಿದು ಹೊರಗೆ ಬಂದು, ಊರಲ್ಲಿ ಯಾರಿಗೂ ಹಸಿವಿಲ್ಲವೇ ಎಂದು ಕೇಳಿದರು.

"ಇನ್ನು ಒಂದೊಂದಕ್ಕೂ ಹೊಸ ಪಾಸ್‌ವರ್ಡ್ ಹಾಕ್ತಾ ಕೂತ್ರೆ ಊಟದ ಹೊತ್ತೇ ಮುಗೀತದೆ. ನೀನೇ ನಿಲ್ಲಿಸಿದ್ದು, ನೀನೇ ಓಡು," ಎಂದರು ಕಾಂತಪ್ಪ.

ಹೀಗೆ ಕಾರ್ತಿಕ ಮುಕ್ಕಾಲು ಗಂಟೆ ಮೇಜಿಗೂ ಅಡುಗೆಮನೆಗೂ ನಡುವೆ ತಂತಿಯಾಗಿ ಓಡಾಡಿದ. ಮೊದಲ ಮೂರು ಆರ್ಡರು ಸರಿಹೋದವು. ಆಮೇಲೆ ಏಳನೆಯ ಮೇಜಿಗೆ ಎರಡು ಊಟ ಎನ್ನುವುದನ್ನು ಎರಡನೆಯ ಮೇಜಿಗೆ ಏಳು ಊಟ ಎಂದು ಕೂಗಿದ. ಎರಡನೆಯ ಮೇಜಿನಲ್ಲಿ ಒಬ್ಬರೇ ಒಬ್ಬರು ಮರಾಠಿ ಅಜ್ಜಿ, ಒಂದು ಲೋಟ ಮಜ್ಜಿಗೆ ಹೇಳಿ ಕೂತಿದ್ದರು. ತಮ್ಮ ಮುಂದೆ ಏಳು ತಟ್ಟೆಗಳು ಸಾಲಾಗಿ ಬಂದು ಕೂತಾಗ ಅವರು ಕನ್ನಡಕ ಏರಿಸಿ, "ಸಾತ್?" ಎಂದು ಮೆಲ್ಲಗೆ ಕೇಳಿದರು. ಏಳನೆಯ ಮೇಜಿನ ಇಬ್ಬರು ಆ ತಟ್ಟೆಗಳನ್ನು ದೂರದಿಂದ ಹಸಿದ ಕಣ್ಣಿಂದ ನೋಡುತ್ತಿದ್ದರು. ಅಜ್ಜಿ ದೊಡ್ಡ ಮನಸ್ಸಿನವರು. ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಬಡಿಸಿದರು, ಕಾರ್ತಿಕನನ್ನೂ ಬಿಡಲಿಲ್ಲ.

ಅವನು ಅಜ್ಜಿಯ ಋಣ ತೀರಿಸಿ ಮೇಲೆ ಬಂದಾಗ ಎರಡು ಗಂಟೆ. ಸಲಕರಣೆ ಪೂರ್ತಿ ಇಳಿದಿತ್ತು. ಆದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ಬಿಚ್ಚಿಡಲು ಜಾಗವಿರಲಿಲ್ಲ. ಏನಾದರೂ ಅಳಿಸಬೇಕು. ಅವನು ಯೋಚಿಸುತ್ತ ಕೂತಿದ್ದಾಗ ಪುನೀತ ಬಂದ. ಪುನೀತ ಎದುರಿನ ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವವನು, ಮಂಡ್ಯದ ಹುಡುಗ, ಊಟವಾದ ಮೇಲೆ ಮೇಲೆ ಬಂದು ಸಲಹೆ ಕೊಟ್ಟು ಹೋಗುವುದು ಅವನಿಗೆ ಎಲೆಅಡಿಕೆ ಇದ್ದಂತೆ.

"ಹಳೇ ವರ್ಷನ್ ಯಾಕಿಟ್ಕೊಂಡಿದೀಯ ಮಗಾ? ಹೊಸದು ಬಂತಲ್ಲ, ಹಳೇದನ್ನ ಎತ್ತಿ ಬಿಸಾಕು," ಎಂದ ಪುನೀತ.

ಮಾತು ನ್ಯಾಯವಾಗಿಯೇ ಕಂಡಿತು. ಕಾರ್ತಿಕ ಹಳೆಯದನ್ನು ಅಳಿಸಿದ. ಜಾಗವಾಯಿತು. ಹೊಸದು ಬಂದು ಕೂತಿತು. ಜೊತೆಗೆ ಭವ್ಯಶ್ರೀಯ ಕಂಪನಿಯ ಏಕೈಕ ಆಸ್ತಿಯಾದ ತೂಕದ ಪ್ರೋಗ್ರಾಮು ತಲೆ ಕೆಳಗಾಗಿ ಬಿತ್ತು. ಅದು ಹಳೆಯದನ್ನೇ ನಂಬಿಕೊಂಡು ಬದುಕಿತ್ತು.

"ಓ, ನಿಮ್ಮದು ಹಳೇದರ ಮೇಲೆ ನಿಂತಿತ್ತಾ? ಮೊದಲೇ ಹೇಳೋದಲ್ವಾ?" ಎಂದು ಪುನೀತ ಗಡಿಯಾರ ನೋಡಿ, ಮೀಟಿಂಗ್ ಇದೆ ಎಂದು ಇಳಿದುಹೋದ.

ಹಳೆಯದನ್ನು ಮತ್ತೆ ತಂದರೆ ಹೊಸದು ಮುನಿಸಿಕೊಂಡಿತು. ಹೊಸದನ್ನು ಒಲಿಸಿದರೆ ಹಳೆಯದು ಎದ್ದು ಹೊರಟಿತು. ಒಂದೇ ಮದುವೆಮನೆಯಲ್ಲಿ ಮಾತುಬಿಟ್ಟ ಇಬ್ಬರು ಬೀಗರಿಗೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದಂತಾಯಿತು. ಕೊನೆಗೆ ಕಾರ್ತಿಕ ಇಬ್ಬರಿಗೂ ಬೇರೆ ಬೇರೆ ಕೋಣೆ ಕೊಟ್ಟ. ಅಂದರೆ ತನ್ನ ಸಿನಿಮಾಗಳನ್ನೆಲ್ಲ ಅಳಿಸಿ ಲ್ಯಾಪ್‌ಟಾಪಿನಲ್ಲಿ ಎರಡು ಪ್ರತ್ಯೇಕ ಜಾಗ ಮಾಡಿ, ಒಬ್ಬರ ಮುಖ ಇನ್ನೊಬ್ಬರು ನೋಡದ ಹಾಗೆ ಕೂರಿಸಿದ. ಅಷ್ಟಾದಾಗ ಮೂರೂವರೆ. ಆಮೇಲೆ ಗಂಟಿನ ಲೈಬ್ರರಿ ಕಟ್ಟಿಕೊಂಡಿತು. ಬೀಗದ ಲೈಬ್ರರಿ ಕಟ್ಟುವಾಗ ಲ್ಯಾಪ್‌ಟಾಪು ಎಷ್ಟು ಕಾವೇರಿತೆಂದರೆ, ಕಾಂತಪ್ಪನವರು ಅದರ ಮೇಲೆ ಕೈಯಿಟ್ಟು ನೋಡಿ, ಅಡುಗೆಮನೆಯಿಂದ ಫ್ಯಾನು ತರಿಸಿ ಅದಕ್ಕೆ ಗಾಳಿ ಹಾಕಿಸಿದರು. ಜ್ವರ ಬಂದ ಮಗುವಿನ ಪಕ್ಕ ಕೂತಂತೆ ಮೂವರೂ ಅದರ ಸುತ್ತ ಕೂತರು.

ಐದಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಇಂಪನಾ, ಅವಳ ಹಿಂದೆ ತಂದೆ ಶ್ರೀಕಂಠಯ್ಯ, ತಾಯಿ ಕಮಲಮ್ಮ. ಶ್ರೀಕಂಠಯ್ಯ ಮೈಸೂರಿನಲ್ಲಿ ಮೂವತ್ತು ವರ್ಷ ವಿದ್ಯುತ್ ಮೀಟರು ಪರೀಕ್ಷಿಸಿ ನಿವೃತ್ತರಾದವರು. ಮನುಷ್ಯರನ್ನೂ ಅದೇ ಕಣ್ಣಿಂದ ನೋಡುತ್ತಿದ್ದರು. ಸೀಲು ಒಡೆದಿದೆಯೇ, ಮುಳ್ಳು ತಿರುಗುತ್ತಿದೆಯೇ. ಅವರು ಒಳಗೆ ಬಂದು ಕಾರ್ತಿಕನ ಅಂಗಿಯ ಮೇಲಿನ ಸಾಂಬಾರಿನ ಕಲೆ, ಬೀರು ಎತ್ತುವಾಗ ತರಚಿದ ಕೈ, ಲ್ಯಾಪ್‌ಟಾಪಿಗೆ ಗಾಳಿ ಹಾಕುತ್ತಿದ್ದ ಫ್ಯಾನು ಎಲ್ಲವನ್ನೂ ನೋಡಿ ಮನಸ್ಸಿನಲ್ಲೇ ರೀಡಿಂಗು ಬರೆದುಕೊಂಡರು.

"ಏನಪ್ಪಾ, ಬೆಳಗಿಂದ ಭಾರಿ ಕೆಲಸ ಅಂತೆ. ಏನು ಮಾಡ್ತಿದೀಯ?" ಎಂದು ಕೇಳಿದರು.

"ಒಂದು ಲೈಬ್ರರಿ ಹಾಕ್ತಿದ್ದೆ ಸಾರ್."

ಶ್ರೀಕಂಠಯ್ಯ ಗೋಡೆಯ ಕಡೆ ನೋಡಿದರು. ಬೀರುವಿತ್ತು. ಒಳಗೆ ಹದಿನಾಲ್ಕು ಹಳೆಯ ವಾರಪತ್ರಿಕೆಗಳಿದ್ದವು. "ಬೆಳಗಿಂದ ಸಂಜೆತನಕ ಇಷ್ಟೇನಾ?" ಎಂದರು.

ಅದಕ್ಕೆ ಉತ್ತರ ಕೊಡುವ ಮೊದಲೇ ಲ್ಯಾಪ್‌ಟಾಪಿನ ಮೇಲೆ ಕೊನೆಯ ಸಾಲು ಮೂಡಿತು. ಎಲ್ಲವೂ ಸರಿಯಾಗಿ ಕೂತಿದೆ. ತಪ್ಪು, ಸೊನ್ನೆ. ಕಾರ್ತಿಕನಿಗೆ ಕಣ್ಣು ತುಂಬಿ ಬಂತು. "ಸಾರ್, ಬನ್ನಿ, ನೋಡಿ. ಈಗ ನಾನಿಲ್ಲಿ ಒಂದು ಸಾಲು ಟೈಪ್ ಮಾಡ್ತೀನಿ. ಎಂಬತ್ತು ಕಿಲೋಮೀಟರ್ ಆಚೆ ದೌಂಡದಲ್ಲಿರೋ ಕಂಪ್ಯೂಟರ್ ಎದ್ದು ಕೂತ್ಕೊಳುತ್ತೆ. ನಾನು ಕೂತ ಜಾಗದಿಂದ ಏಳೋದೇ ಬೇಡ."

ಎಲ್ಲರೂ ಸುತ್ತ ನೆರೆದರು. ಕಮಲಮ್ಮ ಕೈ ಮುಗಿದರು, ಯಾವುದಕ್ಕೂ ಇರಲಿ ಎಂದು. ಕಾರ್ತಿಕ ಟೈಪು ಮಾಡಿ ಎಂಟರ್ ಒತ್ತಿದ.

ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ, ಆ ಕಂಪ್ಯೂಟರು ಸಿಗುತ್ತಿಲ್ಲ ಎಂದು ಬಂತು. ಮತ್ತೆ ಒತ್ತಿದ. ಸಿಗುತ್ತಿಲ್ಲ. ಭವ್ಯಶ್ರೀ ಗಡಿಯಾರ ನೋಡಿದಳು. ಇಂಪನಾ ಕಾರ್ತಿಕನನ್ನು ನೋಡಿದಳು. ಶ್ರೀಕಂಠಯ್ಯ ಗಂಟಲು ಸರಿಮಾಡಿಕೊಂಡು, "ಆ ಕಡೆ ಫ್ಯೂಸ್ ಹೋಗಿರಬಹುದು," ಎಂದರು.

"ಅವ್ವಣ್ಣನಿಗೆ ಫೋನ್ ಮಾಡಿ ಸ್ವಿಚ್ ನೋಡ್ಲಿಕ್ಕೆ ಹೇಳು," ಎಂದಳು ಭವ್ಯಶ್ರೀ.

ಕಾರ್ತಿಕ ಫೋನು ಮಾಡಿದ. ರಿಂಗಾಯಿತು. ರಿಂಗು ಅವನ ಕಿವಿಯಲ್ಲೂ ಕೇಳಿಸಿತು, ಮೆಟ್ಟಿಲ ಕೆಳಗೂ ಕೇಳಿಸಿತು. ಒಂದೊಂದೇ ಮೆಟ್ಟಿಲು ಏರಿ ಹತ್ತಿರ ಬಂತು. ಬಾಗಿಲಲ್ಲಿ ಅವ್ವಣ್ಣ ನಿಂತಿದ್ದ. ತಲೆಯ ಮೇಲೆ ಹೂವಿನ ಚಿತ್ತಾರದ ಚಾದರದಲ್ಲಿ ಕಟ್ಟಿದ ದೊಡ್ಡ ಗಂಟು.

"ಫೋನ್ ಯಾಕ ಮಾಡ್ತೀರಿ ಸಾಹೇಬ್ರ, ಬಂದೇನಲ್ಲ," ಎಂದು ಅವನು ಗಂಟನ್ನು ಹೂವಿನಂತೆ ಮೇಜಿನ ಮೇಲಿಳಿಸಿ ಬಿಚ್ಚಿದ. ಒಳಗೆ ಕಾಟಾದ ಕಂಪ್ಯೂಟರು ತಣ್ಣಗೆ ಕೂತಿತ್ತು.

"ಅವ್ವಣ್ಣ," ಕಾರ್ತಿಕನ ಧ್ವನಿ ಎಲ್ಲಿಂದಲೋ ಬಂತು, "ಇದನ್ನ ಯಾಕೆ ತಂದ್ರಿ?"

"ನೀವ ಹೇಳಿದ್ರಲ್ರೀ ಮುಂಜಾನೆ, ಇನ್ನ ರಿಪೇರಿ ಎಲ್ಲಾ ಪುಣೇದಾಗ ಅಂತ. ಹನ್ನೊಂದರ ಗಾಡಿ ಭಾಳ ಗದ್ದಲ ಇತ್ರಿ, ಇದಕ್ಕ ಪೆಟ್ಟ ಬಿದ್ದೀತು ಅಂತ ಬಿಟ್ಟೆ. ಎರಡರ ಗಾಡಿಗೆ ಬಂದೆ. ಸೀಟಿನ ಮ್ಯಾಲ ಇದನ್ನ ಕುಂದ್ರಿಸಿ ನಾ ನಿಂತ ಬಂದೇನ್ರಿ."

ಮೊದಲು ನಕ್ಕವರು ಕಮಲಮ್ಮ. ಆಮೇಲೆ ಕಾಂತಪ್ಪ. ಇಂಪನಾ ಬೀರುವಿನ ಕಡೆ ಮುಖ ತಿರುಗಿಸಿಕೊಂಡು ಭುಜ ಕುಣಿಸುತ್ತಿದ್ದಳು. ಶ್ರೀಕಂಠಯ್ಯ ಮಾತ್ರ ನಗಲಿಲ್ಲ. ಅವ್ವಣ್ಣನನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು.

ಕಾರ್ತಿಕ ಕಂಪ್ಯೂಟರಿಗೆ ಕರೆಂಟು ಕೊಟ್ಟು ಹಳೆಯ ಫೈಲುಗಳನ್ನು ಅಳಿಸಿದ. ಹತ್ತು ನಿಮಿಷದಲ್ಲಿ ಅದು ಎದ್ದು ಕೂತಿತು. ಎದ್ದ ಕೂಡಲೇ ಭವ್ಯಶ್ರೀಯ ಫೋನು ಹೊಡೆದುಕೊಂಡಿತು. ಕಾರ್ಖಾನೆಯ ಮಾಲೀಕರು. ಅವರು ಫೋನಿಲ್ಲದೆಯೂ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರು. ಗೇಟಿನಿಂದ ಹೆದ್ದಾರಿಯವರೆಗೆ ಕಬ್ಬಿನ ಗಾಡಿಗಳು ನಿಂತಿವೆಯಂತೆ. ಎತ್ತುಗಳು ಮುಂದಿನ ಗಾಡಿಯ ಕಬ್ಬನ್ನು ತಿನ್ನುತ್ತಿವೆಯಂತೆ. ಇನ್ನು ಒಂದೆರಡು ಗಂಟೆಯಲ್ಲಿ ತೂಗಲು ಏನೂ ಉಳಿಯುವುದಿಲ್ಲವಂತೆ.

"ಕಂಪ್ಯೂಟರ್ ಈಗಲೇ ವಾಪಸ್ ಹೋಗ್ಬೇಕು," ಎಂದಳು ಭವ್ಯಶ್ರೀ.

"ಅವ್ವಣ್ಣ ತಗೊಂಡು ಹೋಗ್ತಾರೆ ಮೇಡಂ," ಎಂದ ಕಾರ್ತಿಕ ಆಸೆಯಿಂದ.

ಅವ್ವಣ್ಣ ಸಂಕೋಚದಿಂದ ಕತ್ತು ತುರಿಸಿಕೊಂಡ. "ಒಯ್ಯೂದು ಒಯ್ಯಬಹುದ್ರಿ. ಆದ್ರ ಹದಿನಾಕು ವಾಯರ್ ಇದ್ವು. ನನಗ ಬಿಚ್ಚಾಕ ಬರ್ತದ್ರಿ, ಜೋಡ್ಸಾಕ ಬರಂಗಿಲ್ಲ. ಮತ್ತ ನಾಳೆ ನಂದು ರಜಾ. ಹಡಪಸರದಾಗ ನಮ್ಮ ತಂಗಿ ಮನಿ ಅದ, ಎರಡ ವರ್ಷ ಆತು ಹೋಗಿ."

ಎಲ್ಲರೂ ಕಾರ್ತಿಕನ ಕಡೆ ನೋಡಿದರು. ಅವನು ಇಂಪನಾಳ ಕಡೆ ನೋಡಿದ. ಅವಳು ಚಾದರವನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಲ್ಯಾಪ್‌ಟಾಪ್ ಇಲ್ಲೇ ಇರ್ಲಿ," ಎಂದು ಭವ್ಯಶ್ರೀ ಹಿಂದಿನಿಂದ ಹೇಳಿದಳು. "ನಿನ್ನ ಲೈಬ್ರರಿ ಚೆನ್ನಾಗುಂಟು ಕಾರ್ತಿಕ. ಕಂಪ್ಯೂಟರ್ ಪುನಃ ಗಂಟು ಕಟ್ಕೊಂಡು ಬರದ ಹಾಗೆ ಶನಿವಾರ ನೀನು ಅಲ್ಲೇ ಇರ್ಬೇಕಂತೆ, ಮಾಲೀಕರ ಮಾತು. ಇನ್ನು ಪ್ರತಿ ಶನಿವಾರ ನೀನು ಅಲ್ಲಿ ಎಂತ ಮಾಡ್ತಿ, ಎಷ್ಟು ಹೊತ್ತಿಗೆ ಮುಗಿಸ್ತಿ ಅಂತ ನಾನು ಇಲ್ಲಿಂದಲೇ ನೋಡಬಹುದು."

ಆರು ಗಂಟೆಯ ರೈಲಿನಲ್ಲಿ ಕಾರ್ತಿಕನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಹೂವಿನ ಚಾದರದ ಗಂಟು. ಎದುರಿಗೆ ಕೂತ ಹೆಂಗಸು ಒಳಗೆ ಮಗುವಿದೆಯೆಂದು ತಿಳಿದು ಗಾಳಿ ಬೀಸದಂತೆ ಕಿಟಕಿ ಮುಚ್ಚಿದಳು. ಹೊರಗೆ ಪುಣೆ ಕರಗಿ ಹೊಲಗಳು ಶುರುವಾಗಿದ್ದವು, ಬಿಸಿಲಿನ್ನೂ ಪೂರ್ತಿ ಇಳಿದಿರಲಿಲ್ಲ. ಉರುಳಿ ಸ್ಟೇಷನ್ ಬರುವ ಮುಂಚೆ ಫೋನು ನಡುಗಿತು. ಇಂಪನಾ ಒಂದು ಫೋಟೋ ಕಳಿಸಿದ್ದಳು. ಕಾಂತಪ್ಪನವರ ಹೋಟೆಲಿನ ಒಳ್ಳೆಯ ಮೇಜು, ಅದರ ಮೇಲೆ ಗೋಳಿಬಜೆಯ ಗುಡ್ಡ, ಒಂದು ಬದಿಗೆ ಕಮಲಮ್ಮ, ಇನ್ನೊಂದು ಬದಿಗೆ ಶ್ರೀಕಂಠಯ್ಯ, ನಡುವೆ ಸ್ನಾನ ಮಾಡಿ ಬಂದವನಂತೆ ತಲೆ ಬಾಚಿಕೊಂಡು ಅವ್ವಣ್ಣ.

ಕೆಳಗೆ ಹೀಗೆ ಬರೆದಿತ್ತು. "ಅಪ್ಪನಿಗೆ ಅವ್ವಣ್ಣ ತುಂಬಾ ಹಿಡಿಸಿಬಿಟ್ಟಿದ್ದಾರೆ. ಹೇಳಿದ ಕೆಲಸನ ತಲೆ ಮೇಲೆ ಹೊತ್ಕೊಂಡು ಬಂದು ಮುಗಿಸೋ ಹುಡುಗ, ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಅಂತಿದ್ದಾರೆ. ಅವರಿಗೆ ಮದುವೆ ಆಗಿದ್ಯಾ ಅಂತ ನಿನ್ನ ಕೇಳ್ಬೇಕಂತೆ. ಎದುರಿಗೇ ಕೇಳೋಕೆ ಸಂಕೋಚವಂತೆ."

ಕಾರ್ತಿಕ ನೆಟ್ಟಗೆ ಕೂತ. ಗಂಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಅವಸರವಾಗಿ ಬರೆದ. "ಆಗಿದೆ. ಮೂರು ಮಕ್ಕಳು. ದೊಡ್ಡವನು ಆಗಲೇ ಐದನೇ ಕ್ಲಾಸು."

ಕಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ರೈಲು ಉರುಳಿಯನ್ನು ದಾಟಿ ಕಬ್ಬಿನ ಗದ್ದೆಗಳ ನಡುವೆ ನುಗ್ಗಿತ್ತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ.